ಕಬ್ಬಿನ ಕಾಲುವೆಯ ಈಸುಗಾರರು: ಮಾವುಯಿ ದ್ವೀಪದ ಸಾಲೆಯ ಮಕ್ಕಳು 1939ನೆಯ ಇಸವಿಯಲ್ಲಿ ಗೆದ್ದ ವೃತ್ತಾಂತ

ಪ್ಯಾಸಿಫಿಕ್ ಮಹಾಸಾಗರದ ನಟ್ಟನಡುವೆ, ಅಮೇರಿಕೆಯ ಪಡುವಣ ದಂಡೆಯಿಂದ ಎರಡು ಸಾವಿರ ಮೈಲುಗಳಿಗೂ ಮಿಕ್ಕಿದ ದೂರದಲ್ಲಿ, ಹವಾಯಿ ಎಂಬ ದ್ವೀಪಮಾಲೆಯುಂಟು. ಆ ಮಾಲೆಯಲ್ಲಿ ವಿಸ್ತಾರದಿಂದ ಎರಡನೆಯದಾದ ದ್ವೀಪಕ್ಕೆ ಮಾವುಯಿ ಎಂದು ಹೆಸರು. ಇದರ ಮೂಡಲಲ್ಲಿ ಹತ್ತು ಸಾವಿರ ಅಡಿಗಳೆತ್ತರದ ಹಾಲೆಯಾಕಲಾ ಎಂಬ ಜ್ವಾಲಾಮುಖಿ ಪರ್ವತವೂ, ಪಡುವಲಲ್ಲಿ ಇನ್ನೊಂದು ಹಳೆಯ ಪರ್ವತಸಮೂಹವೂ ನಿಂತಿದ್ದು, ಇವೆರಡರ ನಡುವೆ ಬಯಲುಸೀಮೆಯೊಂದು ಹಬ್ಬಿರುವದು. ಸಮುದ್ರದ ಗಾಳಿಯು ಹೊತ್ತು ತರುವ ಮೋಡಗಳು ಮೂಡಣ ಪರ್ವತದ ಗಾಳಿಮುಖದ ಇಳಿಜಾರಿನಲ್ಲಿಯೇ ತಮ್ಮ ಭಾರವನ್ನು ಇಳಿಸಿಬಿಡುವದರಿಂದ, ಅಲ್ಲಿ ಕಾಡು ದಟ್ಟವಾಗಿಯೂ ಹಳ್ಳಗಳು ತುಂಬಿಯೂ ಇರುವವು. ನಡುವಿನ ಬಯಲಾದರೋ ಕೆಂಪು ಧೂಳಿನ ಒಣನೆಲ.

ಈ ಒಣನೆಲದಲ್ಲಿ ಕಬ್ಬನ್ನು ಬೆಳೆಯಬೇಕೆಂದು ಹತ್ತೊಂಬತ್ತನೆಯ ಶತಮಾನದ ಬಿಳಿಯ ಸಾಹುಕಾರರು ಮನಸ್ಸು ಮಾಡಿದರು. ಕಬ್ಬಿನ ಒಕ್ಕಲುತನವನ್ನು ಬಲ್ಲ ನಮ್ಮ ವಾಚಕರಿಗೆ ಆ ಬೆಳೆಯ ನೀರಡಿಕೆ ಎಷ್ಟೆಂಬುದನ್ನು ತಿಳಿಸಿ ಹೇಳಬೇಕಾದದ್ದಿಲ್ಲ. ಆದಕಾರಣ 1876ರಿಂದ 1878ರ ವರೆಗೆ ಅಲೆಕ್ಸಾಂಡರ್ ಮತ್ತು ಬಾಲ್ಡ್ವಿನ್ ಎಂಬ ಇಬ್ಬರು ಪಾಲುಗಾರರು, ಮೂಡಣ ಕಾಡಿನ ಹಳ್ಳಗಳ ನೀರನ್ನು ಕಣಿವೆ ಕಮರಿಗಳನ್ನು ದಾಟಿಸಿ ಬಯಲಿಗೆ ತರುವ ಹಾಮಾಕುವಾ ಕಾಲುವೆಯನ್ನು ತೋಡಿಸಿದರು. ಅದನ್ನನುಸರಿಸಿ ಮತ್ತೂ ಹಲವು ಕಾಲುವೆಗಳಾದವು, ಬಯಲೆಲ್ಲ ಹಸುರಾಯಿತು, ಪುವುನೇನೆ ಎಂಬಲ್ಲಿ ಸಕ್ಕರೆಯ ದೊಡ್ಡ ಕಾರಖಾನೆ ಎದ್ದಿತು. ಭೂಮಿ, ನೀರು, ಕಾರಖಾನೆ, ಅಂಗಡಿ, ಕೂಲಿಕಾರರ ಮನೆಗಳು ಎಲ್ಲವೂ ಕಂಪನಿಯವೇ. ನಮ್ಮ ವೃತ್ತಾಂತವು ಈ ಕಾಲುವೆಗಳಲ್ಲಿಯೇ ಆರಂಭವಾಗುವದರಿಂದ, ಅವುಗಳ ಹುಟ್ಟನ್ನು ಇಷ್ಟು ವಿಸ್ತರಿಸಬೇಕಾಯಿತು.

ಭೂಮಿಗೆ ನೀರು ಬಂದ ಮೇಲೆ ದುಡಿಯುವ ಕೈಗಳು ಬೇಕಾದವು. ಚೀನ, ಪೋರ್ತುಗಾಲ, ಜಪಾನ, ಕೋರಿಯಾ, ಫಿಲಿಪ್ಪೈನ್ ದ್ವೀಪಗಳಿಂದ ಜನರನ್ನು ಕರಾರಿನ ಮೇಲೆ ಕರೆತಂದರು. ಜಪಾನದಿಂದ 1885ರ ತರುವಾಯ ಬಂದವರು ಬಹಳ. ಹೊಲದ ನಡುವೆ ಇವರಿಗೆ ಜಾತಿ ಜಾತಿಯಾಗಿ ಬೇರೆ ಬೇರೆ ಕೇರಿಗಳು. ಅವಕ್ಕೆ ಕ್ಯಾಂಪುಗಳೆಂದು ಹೆಸರು. ಪ್ರತಿಯೊಬ್ಬ ಕೂಲಿಕಾರನಿಗೂ ನಂಬರು ಕೆತ್ತಿದ ಲೋಹದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಅದನ್ನು ಬಾಂಗೊ ಎಂದು ಕರೆಯುತ್ತಿದ್ದರು. ಪಗಾರದ ದಿನ ಗುಮಾಸ್ತರ ಮುಂದೆ ಆ ನಂಬರೇ ಅವನ ಹೆಸರು. ಇದಕ್ಕಿಂತ ಕಠಿಣವಾದದ್ದು ರಾಜ್ಯದ ಕಾಯಿದೆ. ಹವಾಯಿಯ ಅರಸೊತ್ತಿಗೆಯನ್ನು 1893ರಲ್ಲಿ ಕಿತ್ತೊಗೆದು, 1898ರಲ್ಲಿ ಆ ದ್ವೀಪಗಳನ್ನು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಿಗೆ ಕೂಡಿಸಿಕೊಂಡ ಮೇಲೆ, ಅಲ್ಲಿ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಮೇರಿಕೆಯ ನಾಗರಿಕರೆನಿಸಿದರು. ಆದರೆ ಜಪಾನದಿಂದ ಬಂದ ಅವರ ತಂದೆತಾಯಿಗಳು ಎಷ್ಟು ವರುಷ ಬೆವರು ಸುರಿಸಿದರೂ ನಾಗರಿಕರಾಗುವಂತಿರಲಿಲ್ಲ. ಹೊನೊಲುಲುವಿನಲ್ಲಿ ಬಾಳುತ್ತಿದ್ದ ತಕಾವೊ ಒಜಾವಾ ಎಂಬ ಜಪಾನೀ ಗೃಹಸ್ಥರು ಈ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಲೇರಿ, 1922ರಲ್ಲಿ ವಾಶಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಆ ನಿರ್ಬಂಧವು ಕಳಚಿ ಬಿದ್ದದ್ದು 1952ರಲ್ಲಿ. ಹೀಗಾಗಿ ನಾವು ಹೇಳಹೊರಟ ಕಾಲದಲ್ಲಿ, ಒಂದೇ ಗುಡಿಸಲಿನಲ್ಲಿ ತಂದೆ ಪರದೇಶದವನು, ಮಗ ಸ್ವದೇಶದವನು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಾಚಕರಲ್ಲಿ ವಿನಂತಿ.

ಕ್ಯಾಂಪುಗಳ ಮಕ್ಕಳಿಗೆ ಆಟದ ಬಯಲೂ ಇರಲಿಲ್ಲ, ಆಟಿಗೆಗಳೂ ಇರಲಿಲ್ಲ. ಇದ್ದದ್ದು ಬಿಸಿಲು, ಧೂಳು, ಮತ್ತು ಕಬ್ಬಿನ ಸಾಲುಗಳ ಪಕ್ಕದಲ್ಲಿ ತಣ್ಣಗೆ ಹರಿಯುವ ಕಾಲುವೆ. ಸಾಲೆ ಬಿಟ್ಟ ಕೂಡಲೆ ಹುಡುಗ ಹುಡುಗಿಯರು ಅದರಲ್ಲಿ ಧುಮುಕುವರು. ಕಂಪನಿಯ ಕಾವಲುಗಾರರು ಬಂದು ಗದರಿಸಿ ಓಡಿಸುವರು. ಕಾವಲುಗಾರರ ಬೆನ್ನು ಮರೆಯಾದೊಡನೆ ಮಕ್ಕಳು ತಿರುಗಿ ಧುಮುಕುವರು. ಇದು ನಿತ್ಯದ ಕಥೆಯಾಗಿದ್ದಿತು. ಕಾವಲುಗಾರರದೂ ಪೂರಾ ತಪ್ಪೆನ್ನಲಾಗದು. ಕಾಲುವೆಯ ನೀರಿಗೆ ಸೆಳವಿರುತ್ತಿತ್ತು, ತೂಬುಗಳಿದ್ದವು, ಕಾಯುವ ಹಿರಿಯರು ಯಾರೂ ಇರಲಿಲ್ಲ.

ಪುವುನೇನೆಯ ಸಾಲೆಯಲ್ಲಿ ಆಗ ಸೋಯಿಚಿ ಸಕಾಮೊತೊ ಎಂಬ ಶಿಕ್ಷಕರಿದ್ದರು. ಇವರು 1906ರಲ್ಲಿ ಅದೇ ಮಾವುಯಿ ದ್ವೀಪದಲ್ಲಿ ಹುಟ್ಟಿದವರು, ಜಪಾನೀ ಕುಲದವರು, ವಿಜ್ಞಾನವನ್ನು ಕಲಿಸುತ್ತಿದ್ದರು, ಬಾಲವೀರರ ಪಥಕವೊಂದನ್ನೂ ನೋಡಿಕೊಳ್ಳುತ್ತಿದ್ದರು. ಕಾಲುವೆಯಿಂದ ಮಕ್ಕಳನ್ನು ಅಟ್ಟುವದನ್ನು ಕಂಡ ಇವರು, ಸಾಲೆ ಬಿಟ್ಟ ಮೇಲೆ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ಅವರಿಗೆ ನೀರಿನಲ್ಲಿರಲು ಅಪ್ಪಣೆಯಾಗಲಿ ಎಂದು ಕಂಪನಿಯವರನ್ನು ಕೇಳಿಕೊಂಡರು. ಅಪ್ಪಣೆ ದೊರೆಯಿತು. ಇದರಲ್ಲಿ ಸೋಜಿಗದ ಸಂಗತಿಯೊಂದುಂಟು: ಈ ಮಾಸ್ತರರಿಗೆ ಸ್ವತಃ ಈಸು ಸರಿಯಾಗಿ ಬರುತ್ತಿರಲಿಲ್ಲ! ಮುಳುಗದಂತೆ ಹೇಗೋ ಕೈಕಾಲು ಬಡಿಯುವಷ್ಟೇ ಅವರ ವಿದ್ಯೆ. ನೀರಿಗೆ ಇಳಿಯದೆ ದಂಡೆಯ ಮೇಲೆ ನಡೆಯುತ್ತ ಅವರು ಕಲಿಸಿದರು.

ತಾನು ಅರಿಯದ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸಬಹುದೇ ಎಂದು ಯಾರಾದರೂ ಕೇಳಬಹುದು. ಸಕಾಮೊತೊ ಅವರು ಈ ಪ್ರಶ್ನೆಯನ್ನು ವಿಜ್ಞಾನದ ಮಾಸ್ತರರು ಬಿಡಿಸುವಂತೆ ಬಿಡಿಸಿದರು. ಸಿಕ್ಕ ಪುಸ್ತಕಗಳನ್ನು ಓದಿದರು. ಒಳ್ಳೆಯ ಈಸುಗಾರರ ಕೈಕಾಲುಗಳ ಚಲನೆಯನ್ನು ನಿಟ್ಟಿಸಿ ನೋಡಿದರು. ನೋಡಿದ್ದನ್ನು ಮಕ್ಕಳಿಂದ ಮಾಡಿಸಿ, ವೇಗ ಹೆಚ್ಚಿತೋ ಕುಗ್ಗಿತೋ ಎಂದು ಅಳೆದು, ಹೆಚ್ಚಿಸಿದ್ದನ್ನು ಉಳಿಸಿಕೊಂಡು ಕುಗ್ಗಿಸಿದ್ದನ್ನು ಬಿಟ್ಟರು. ಪೂರ್ವಾಭ್ಯಾಸದ ಭಾರವಿಲ್ಲದ ಕಾರಣ, ಹಳಬರು ಹೀಗೆಯೇ ಮಾಡುತ್ತ ಬಂದಿದ್ದಾರೆಂಬ ಒಂದೇ ಕಾರಣಕ್ಕಾಗಿ ಅವರು ಯಾವದನ್ನೂ ಮಾಡಬೇಕಾಗಿರಲಿಲ್ಲ.

ಅವರ ಪದ್ಧತಿಯಲ್ಲಿ ಕಾಲುವೆಯೇ ಮುಖ್ಯ ಉಪಕರಣ. ಅದರ ಅಗಲವು ಕೆಲವೇ ಮಾರು, ಆಳವು ಎದೆಮಟ್ಟ. ನೀರು ಮಣ್ಣಿನಿಂದ ಕೆಂಪಗೆ. ಅಂಥ ಇಕ್ಕಟ್ಟಿನಲ್ಲಿ ದೊಡ್ಡ ಕೊಳದಲ್ಲಿಯಂತೆ ಸುತ್ತಿ ಸುತ್ತಿ ಈಸುವದು ಆಗದ ಮಾತು. ಆದುದರಿಂದ ಅವರು ಮಕ್ಕಳನ್ನು ಸೆಳವಿಗೆ ಎದುರಾಗಿ, ಮೇಲ್ಮುಖವಾಗಿ ಈಸಲು ಹಚ್ಚಿದರು. ಎದುರು ನೀರಿನಲ್ಲಿ ಈಸುವವನು ಒಂದು ನಿಮಿಷ ಅಲಕ್ಷ್ಯ ಮಾಡಿದರೂ ಹಿಂದಕ್ಕೆ ಜಾರುವನು. ಮೈಯನ್ನು ಸೊಟ್ಟಗೆ ಹಿಡಿದರೆ ನೀರೇ ಅವನನ್ನು ದೂಡುವದು. ಕೈಯನ್ನು ತಪ್ಪಾಗಿ ಹಾಕಿದರೆ ಅಲ್ಲಿಯೇ ನಿಲ್ಲುವನು. ಹೀಗೆ, ಮಾಸ್ತರರು ಬಾಯಿಬಿಟ್ಟು ಹೇಳಬೇಕಾದ ತಪ್ಪುಗಳಲ್ಲಿ ಅರ್ಧದಷ್ಟನ್ನು ಪ್ರವಾಹವೇ ಹೇಳುತ್ತಿತ್ತು. ಮೇಲಿನ ಗುರುತನ್ನು ಮುಟ್ಟಿದ ಮೇಲೆ ಸೆಳವಿನೊಡನೆ ಕೆಳಗೆ ಬರುವದು. ಆಗ ದಣಿದ ತೋಳುಗಳಿಗೆ ವಿಶ್ರಾಂತಿಯೂ ಆಗುವದು, ನೀರಿನ ಸಹಾಯದಿಂದ ಮೈಗೆ ಹೆಚ್ಚಿನ ವೇಗದ ರೂಢಿಯೂ ಆಗುವದು. ಅನಂತರ ತಿರುಗಿ ಮೇಲಕ್ಕೆ. ಕಠಿಣ ಶ್ರಮ, ಅಲ್ಪ ವಿಶ್ರಾಂತಿ, ಪುನಃ ಕಠಿಣ ಶ್ರಮ ಎಂಬ ಈ ಕ್ರಮವನ್ನು ಮುಂದೆ ಜಗತ್ತಿನ ಎಲ್ಲ ಈಸುಗಾರರೂ ಓಟಗಾರರೂ ಶಾಸ್ತ್ರವನ್ನಾಗಿ ಸ್ವೀಕರಿಸಿದರು. ಪುವುನೇನೆಯಲ್ಲಿ ಅದು ಬಡತನದಿಂದ ಹುಟ್ಟಿತು. ಕೆಲವು ಕಾಲದ ಮೇಲೆ ಕಂಪನಿಯ ಕೊಳವೊಂದರಲ್ಲಿ ಈಸುವ ಅನುಕೂಲವೂ ಈ ಮಕ್ಕಳಿಗಾಯಿತು. ಇದನ್ನು ಕಂಪನಿಯ ದೊಡ್ಡ ಔದಾರ್ಯವೆಂದು ಕೆಲವರು ಹೊಗಳಿರುವರು. ಆ ಹೊಲ, ಆ ನೀರು, ಆ ಲಾಭ ಎಲ್ಲವೂ ಮಕ್ಕಳ ತಂದೆತಾಯಿಗಳ ದುಡಿತದಿಂದಲೇ ಆದವುಗಳೆಂಬುದನ್ನು ನೆನೆದರೆ, ಹೊಗಳಿಕೆಯನ್ನು ಸ್ವಲ್ಪ ಕಡಿಮೆ ಮಾಡಬಹುದೆಂದು ನಮಗೆ ತೋರುವದು.

ಇಂತಿರಲು 1936ರ ಜುಲೈ 31ರಂದು ಬರ್ಲಿನ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು, 1940ರ ಪಂದ್ಯಗಳು ಜಪಾನದ ಟೋಕಿಯೋ ನಗರದಲ್ಲಿ ಆಗತಕ್ಕವೆಂದು ಗೊತ್ತುಪಡಿಸಿತು. ಏಶಿಯಾ ಖಂಡಕ್ಕೆ ಈ ಮಾನವು ದೊರೆತದ್ದು ಅದೇ ಮೊದಲು. ಈಸುವದರಲ್ಲಿ ಜಪಾನೀಯರ ಕೀರ್ತಿ ಆಗ ಶಿಖರದಲ್ಲಿದ್ದಿತು. 1932ರ ಲಾಸ್ ಏಂಜಲೀಸ್ ಪಂದ್ಯಗಳಲ್ಲಿ ಪುರುಷರ ಆರು ಈಸುಪಂದ್ಯಗಳ ಪೈಕಿ ಐದನ್ನು ಅವರು ಗೆದ್ದುಕೊಂಡಿದ್ದರು. 1500 ಮೀಟರಿನ ಪಂದ್ಯವನ್ನು ಗೆದ್ದ ಕುಸುವೊ ಕಿತಾಮುರಾ ಎಂಬವನು ಹದಿನಾಲ್ಕು ವರುಷದ ಬಾಲಕ. ಈ ಸುದ್ದಿಗಳು ಮಾವುಯಿಯ ಕ್ಯಾಂಪುಗಳಿಗೂ ಮುಟ್ಟಿದ್ದವು. ಸಕಾಮೊತೊ ಅವರು 1937ರಲ್ಲಿ ತಮ್ಮ ಮಕ್ಕಳನ್ನೆಲ್ಲ ಕೂಡಿಸಿ ಒಂದು ಸಂಘವನ್ನು ಕಟ್ಟಿದರು. ಅದಕ್ಕೆ ‘ಮೂರು ವರುಷದ ಈಸುಸಂಘ’ ಎಂದು ಹೆಸರಿಟ್ಟರು. ಮೂರು ವರುಷ ಯಾಕೆ? 1940ಕ್ಕೆ ಉಳಿದದ್ದು ಅಷ್ಟೇ ಕಾಲ. ಅಷ್ಟರೊಳಗೆ ಈ ಕಾಲುವೆಯ ಮಕ್ಕಳು ಅಮೇರಿಕೆಯ ತಂಡದಲ್ಲಿ ಸೇರಿ ಟೋಕಿಯೋಕ್ಕೆ ಹೋಗಬೇಕೆಂಬುದು ಸಂಕಲ್ಪ. ತಂದೆಯ ಹುಟ್ಟುನಾಡಿನಲ್ಲಿ, ತಂದೆಗೆ ನಾಗರಿಕತ್ವವನ್ನು ಕೊಡಲೊಲ್ಲದ ರಾಜ್ಯದ ನಿಶಾನೆಯನ್ನು ಧರಿಸಿ, ಮಗನು ಈಸಬೇಕು! ಈ ಸಂಕಲ್ಪದಲ್ಲಿ ಅಡಗಿದ ವೈಚಿತ್ರ್ಯವು ಮಾಸ್ತರರಿಗೆ ತಿಳಿಯದೆ ಇರಲಾರದು.

ಸಂಘದ ನೇಮಗಳು ಬಿಗಿಯಾಗಿದ್ದವು. ದಿನವೂ ತಪ್ಪದೆ ಬರಬೇಕು, ಊಟ ನಿದ್ರೆಗಳಲ್ಲಿ ಹಿತಮಿತವಿರಬೇಕು, ಹೇಳಿದ್ದನ್ನು ಎದುರಾಡದೆ ಮಾಡಬೇಕು. ಮಾಸ್ತರರಿಗೆ ಈ ಕೆಲಸಕ್ಕೆ ಸಂಬಳವಿರಲಿಲ್ಲ. ಹುಡುಗರಂತೆ ಹುಡುಗಿಯರನ್ನೂ ಅವರು ಅದೇ ಶಿಸ್ತಿನಲ್ಲಿ ತಯಾರು ಮಾಡಿದರೆಂಬುದು ಆ ಕಾಲಕ್ಕೆ ವಿಶೇಷವೇ. ಹಿರಿಯರು ತಮ್ಮ ಮನೋರಥವನ್ನು ಎಳೆಯರ ಹೆಗಲ ಮೇಲೆ ಹೊರಿಸುವದು ಎಷ್ಟರ ಮಟ್ಟಿಗೆ ಯೋಗ್ಯವೆಂಬ ಪ್ರಶ್ನೆಯು ಇಲ್ಲಿ ಏಳದೆ ಇರದು. ಮಾಸ್ತರರು ಕಟ್ಟುನಿಟ್ಟಿನವರು, ಆ ಭಾರವನ್ನು ತಾಳಲಾರದವರು ಹಿಂದುಳಿದರು, ಗೆದ್ದವರ ಹೆಸರು ಮಾತ್ರ ಪತ್ರಿಕೆಗಳಲ್ಲಿ ಬಂದಿತು. ಆದರೂ ಕೂಲಿಯ ಮಗನು ಕೂಲಿಯೇ ಆಗತಕ್ಕವನೆಂದು ಸುತ್ತಲಿನವರೆಲ್ಲರೂ ಒಪ್ಪಿಕೊಂಡಿದ್ದ ಸ್ಥಳದಲ್ಲಿ, ನೀನು ಜಗತ್ತಿನ ಮುಂದೆ ನಿಲ್ಲಬಲ್ಲೆ ಎಂದು ಹೇಳುವ ಹಿರಿಯನೊಬ್ಬನಿದ್ದದ್ದು ಸಣ್ಣ ಮಾತಲ್ಲ.

ಸಂಘ ಹುಟ್ಟಿ ಒಂದು ವರುಷ ತುಂಬುವ ಹೊತ್ತಿಗೆ ಮೊದಲನೆಯ ಪೆಟ್ಟು ಬಿದ್ದಿತು. ಜಪಾನವು 1937ರ ಜುಲೈಯಲ್ಲಿ ಚೀನದೊಡನೆ ಯುದ್ಧವನ್ನು ಹೂಡಿದ್ದಿತು. ಯುದ್ಧವು ಬೆಳೆದಂತೆ ಹಣವೂ ಉಕ್ಕೂ ಅದಕ್ಕೇ ಸಾಲದಾಗಿ, 1938ರ ಜುಲೈ 16ರಂದು ಜಪಾನ ಸರಕಾರವು ಒಲಿಂಪಿಕ್ ಪಂದ್ಯಗಳ ಹೊಣೆಯನ್ನು ಬಿಟ್ಟುಕೊಟ್ಟಿತು. ಪಂದ್ಯಗಳು ಫಿನ್ಲಂಡ ದೇಶದ ಹೆಲ್ಸಿಂಕಿ ನಗರಕ್ಕೆ ಹೋದವು. ಟೋಕಿಯೋ ಹೋದರೆ ಹೋಯಿತು, ಹೆಲ್ಸಿಂಕಿಯಾದರೂ ಇದೆಯಷ್ಟೆ ಎಂದು ಪುವುನೇನೆಯವರು ಅಭ್ಯಾಸವನ್ನು ನಿಲ್ಲಿಸಲಿಲ್ಲ.

ಅದೇ 1938ರಲ್ಲಿ ಸಂಘದ ತಕಾಶಿ ಹಿರೋಸೆ ಎಂಬ ಹದಿಹರೆಯದ ಬಾಲಕನನ್ನು ಯುರೋಪಿಗೆ ಹೊರಟ ಅಮೇರಿಕೆಯ ತಂಡಕ್ಕೆ ಆರಿಸಿದರು. ಇವನನ್ನು ಗೆಳೆಯರು ‘ಹೇಲೊ’ ಎಂದು ಕರೆಯುತ್ತಿದ್ದರು. ಆ ವರುಷದ ಅಗಸ್ಟ ತಿಂಗಳಲ್ಲಿ ಬರ್ಲಿನ್ನಿನಲ್ಲಿ, ನಾಲ್ವರು ಒಬ್ಬರಾದ ಮೇಲೊಬ್ಬರು ನೂರು ನೂರು ಮೀಟರು ಈಸುವ ಸರತಿಪಂದ್ಯದಲ್ಲಿ, ಪೀಟರ್ ಫಿಕ್, ಒಟ್ಟೊ ಜಾರೆಟ್ಜ್, ಪಾಲ್ ವುಲ್ಫ್ ಎಂಬ ಮೂವರೊಡನೆ ಇವನು ಈಸಿದನು. ನಾಲ್ವರೂ ಕೂಡಿ 3 ನಿಮಿಷ 59.2 ಸೆಕೆಂಡುಗಳಲ್ಲಿ ಪಂದ್ಯವನ್ನು ಮುಗಿಸಿ ಜಗದ್ವಿಕ್ರಮವನ್ನು ಸ್ಥಾಪಿಸಿದರು. ಕುಲದ ಹೆಮ್ಮೆಯನ್ನು ಡಂಗುರ ಸಾರುತ್ತಿದ್ದ ಹಿಟ್ಲರನ ರಾಜಧಾನಿಯಲ್ಲಿ, ಕಬ್ಬಿನ ತೋಟದ ಜಪಾನೀ ಕೂಲಿಕಾರರ ಮಗನೊಬ್ಬನು ಅಮೇರಿಕೆಯ ಪರವಾಗಿ ನಿಂತು ಗೆದ್ದನು.

ಇನ್ನು ಈ ಲೇಖನದ ಮುಖ್ಯ ವಿಷಯವಾದ 1939ನೆಯ ಇಸವಿಗೆ ಬರೋಣ. ಅಮೇರಿಕೆಯ ಹವ್ಯಾಸಿ ಕ್ರೀಡಾಸಂಘವು ವರುಷವರುಷವೂ ಬೇಸಿಗೆಯಲ್ಲಿ ಬಯಲುಕೊಳದ ರಾಷ್ಟ್ರೀಯ ಪಂದ್ಯಗಳನ್ನು ನಡಿಸುತ್ತಿತ್ತು. ಅವುಗಳಲ್ಲಿ ಒಬ್ಬೊಬ್ಬರ ಗೆಲವು ಬೇರೆ, ಸಂಘದ ಗೆಲವು ಬೇರೆ. ಪ್ರತಿಯೊಂದು ಪಂದ್ಯದಲ್ಲಿ ಮೊದಲಿಗರಿಗೆ ಇಷ್ಟು, ಎರಡನೆಯವರಿಗೆ ಇಷ್ಟು ಎಂದು ಗುಣಗಳನ್ನು ಕೊಟ್ಟು, ಒಂದು ಸಂಘದವರ ಗುಣಗಳನ್ನೆಲ್ಲ ಕೂಡಿಸುವರು. ಯಾರ ಮೊತ್ತ ಹೆಚ್ಚೋ ಆ ಸಂಘಕ್ಕೆ ಪಟ್ಟ. ಆದಕಾರಣ ಒಬ್ಬನೇ ಮಹಾಶೂರನಿದ್ದರೆ ಸಾಲದು. ಮೂರನೆಯ ನಾಲ್ಕನೆಯ ಸ್ಥಾನಗಳಿಗಾಗಿ ಜೀವ ಬಿಟ್ಟು ಈಸುವ, ಹೆಸರಿಲ್ಲದ ಹುಡುಗರೂ ಬೇಕು. ಈ ಪಟ್ಟಕ್ಕಾಗಿ ಹೋರಾಡುತ್ತಿದ್ದವರು ದೊಡ್ಡ ನಗರಗಳ ಶ್ರೀಮಂತ ಕ್ಲಬ್ಬುಗಳವರು.

ಆ ವರುಷ ಪುರುಷರ ಪಂದ್ಯಗಳು ಮಿಶಿಗನ್ ಪ್ರಾಂತದ ಡೆಟ್ರಾಯಿಟ್ ನಗರದಲ್ಲಿ ಗೊತ್ತಾಗಿದ್ದವು. ಮಾವುಯಿಯಿಂದ ಡೆಟ್ರಾಯಿಟಿಗೆ ಹೋಗುವದೆಂದರೆ ಏನು! ಮೊದಲು ದ್ವೀಪದಿಂದ ದ್ವೀಪಕ್ಕೆ ಹೊನೊಲುಲುವಿನ ವರೆಗೆ ಪ್ರಯಾಣ. ಅಲ್ಲಿಂದ ಮಹಾಸಾಗರದ ಮೇಲೆ ಹಲವು ದಿವಸ ಹಡಗು. ಆ ಮೇಲೆ ಅಮೇರಿಕೆಯ ಅರ್ಧಕ್ಕೂ ಮಿಕ್ಕಿದ ನೆಲವನ್ನು ದಾಟುವ ಆಗಗಾಡಿ. ಈಸುಗಾರನಿಗೆ ಎರಡು ಮೂರು ದಿವಸ ನೀರು ಬಿಟ್ಟರೆ ಮೈ ಜಡವಾಗುವದು. ಇವರಿಗಂತೂ ದಾರಿಯುದ್ದಕ್ಕೂ ನೀರೇ ದುರ್ಲಭ. ಹೀಗೆ ಬಂದಿಳಿದ, ಬಣ್ಣದಲ್ಲಿಯೂ ಎತ್ತರದಲ್ಲಿಯೂ ಇತರರಂತಿಲ್ಲದ ಈ ಹುಡುಗರನ್ನು ಎದುರಾಳಿಗಳು ಏನೆಂದು ಎಣಿಸಿದರೋ ನಾವು ಊಹಿಸಿಕೊಳ್ಳಬಹುದು.

ಪಂದ್ಯಗಳು ಮುಗಿದು ಗುಣಗಳನ್ನು ಕೂಡಿಸಿದಾಗ, ರಾಷ್ಟ್ರದ ಪಟ್ಟವು ಮಾವುಯಿಯ ಮಕ್ಕಳದಾಗಿದ್ದಿತು. ಈ ಗೆಲವಿನ ಬೆನ್ನೆಲುಬು ಎನ್ನತಕ್ಕವನು ಕಿಯೋಶಿ ನಕಾಮಾ. ಎಲ್ಲರೂ ‘ಕಿಯೊ’ ಎಂದು ಕರೆಯುತ್ತಿದ್ದ ಈ ಯುವಕನು 1920ರಲ್ಲಿ ಪುವುನೇನೆಯಲ್ಲಿ ಹುಟ್ಟಿದವನು, ಕಾಲುವೆಯಲ್ಲಿಯೇ ಈಸು ಕಲಿತವನು. ಗಿಡ್ಡ ಆಳು, ದೂರದ ಪಂದ್ಯಗಳಲ್ಲಿ ಎಡೆಬಿಡದೆ ಒಂದೇ ಸಮನೆ ನೀರನ್ನು ಕಡಿಯುತ್ತ ಹೋಗುವ ಶಕ್ತಿ ಅವನದು. ಎದುರುನೀರಿನ ಅಭ್ಯಾಸದ ಫಲವನ್ನು ಕಾಣಬೇಕಾದರೆ ಇವನನ್ನು ನೋಡಬೇಕಾಗಿತ್ತು. ಹಿರೋಸೆ ಸಮೀಪದ ಪಂದ್ಯಗಳಲ್ಲಿ ಚುರುಕು. ನಕಾಮಾ ದೂರದವುಗಳಲ್ಲಿ ಗಟ್ಟಿ. ಉಳಿದವರು ಇವರಿಬ್ಬರ ನಡುವಿನ ಎಡೆಯನ್ನು ತುಂಬಿದರು.

ಅದೇ ಬೇಸಿಗೆಯಲ್ಲಿ ಹೆಂಗಸರ ರಾಷ್ಟ್ರೀಯ ಪಂದ್ಯಗಳು ಆಯೊವಾ ಪ್ರಾಂತದ ಡಿ ಮೊಯಿನ್ ನಗರದಲ್ಲಾದವು. ಅಲ್ಲಿ ಸಂಘದ ಫುಜಿಕೊ ಕತ್ಸುತಾನಿ ಎಂಬ ಬಾಲಿಕೆಯು 200 ಮೀಟರಿನ ಬ್ರೆಸ್ಟ್‌ಸ್ಟ್ರೋಕ್ ಪಂದ್ಯವನ್ನು, ಅಂದರೆ ಕಪ್ಪೆಯಂತೆ ಕೈಕಾಲುಗಳನ್ನು ಕೂಡಿಸಿ ಅಗಲಿಸಿ ಈಸುವ ಪಂದ್ಯವನ್ನು ಗೆದ್ದಳು. ಅಲ್ಲಿಯೇ 100 ಮೀಟರಿನ ಫ್ರೀಸ್ಟೈಲ್ ಪಂದ್ಯವನ್ನು ಗೆದ್ದ ತರುಣಿ ಎಸ್ತರ್ ವಿಲಿಯಮ್ಸ್. ಅವಳು ಮುಂದೆ ಚಲಚ್ಚಿತ್ರಗಳಲ್ಲಿ ಜಗದ್ವಿಖ್ಯಾತಳಾದಳು. ಕತ್ಸುತಾನಿಯ ಹೆಸರನ್ನು ಇಂದು ಬಲ್ಲವರು ಕಡಿಮೆ. ಕಬ್ಬಿನ ಕ್ಯಾಂಪಿನಿಂದ ಹೊರಟ ಹುಡುಗಿಯೊಬ್ಬಳು ರಾಷ್ಟ್ರದ ಪಟ್ಟವನ್ನು ತಂದದ್ದು, ನಮ್ಮ ಅಭಿಪ್ರಾಯದಲ್ಲಿ, ಡೆಟ್ರಾಯಿಟಿನ ಗೆಲವಿಗಿಂತ ಎಳ್ಳಷ್ಟೂ ಕಡಿಮೆಯದಲ್ಲ. ಹುಡುಗರಿಗೆ ಈಸು ಆಟವಾದರೂ ಆಗಿದ್ದಿತು. ಹುಡುಗಿಯರಿಗೆ ಮನೆಗೆಲಸ ಮುಗಿಯುವವರೆಗೆ ನೀರಿನ ದಾರಿಯೇ ತೆರೆಯುತ್ತಿರಲಿಲ್ಲ.

ಹೀಗೆ ಎರಡೇ ವರುಷಗಳಲ್ಲಿ, ತಮಗೊಂದು ಕೊಳವೂ ಸರಿಯಾಗಿ ಇಲ್ಲದಿದ್ದ ಮಕ್ಕಳು ದೇಶದಲ್ಲಿ ಎಲ್ಲರಿಗಿಂತ ಮೊದಲಾದರು. ನಂಬರಿನ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುವ ತಂದೆಗಳು ತಮ್ಮ ಮನೆತನದ ಹೆಸರನ್ನು ಪತ್ರಿಕೆಗಳಲ್ಲಿ ಅಚ್ಚಾದದ್ದನ್ನು ಕಂಡರು. ಹೆಲ್ಸಿಂಕಿಯ ಪಂದ್ಯಗಳಿಗೆ ಇನ್ನು ಒಂದೇ ವರುಷ. ಗೆದ್ದವರಲ್ಲಿ ಕೆಲವರಾದರೂ ಹೋಗುವರೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಆ ಬೇಸಿಗೆಯು ಮುಗಿಯುತ್ತಿದ್ದಂತೆಯೇ, 1939ರ ಸಪ್ಟಂಬರ 1ರಂದು ಜರ್ಮನಿಯು ಪೋಲಂಡದ ಮೇಲೆ ಬಿದ್ದಿತು. ನವ್ಹಂಬರ 30ರಂದು ರಶಿಯಾ ದೇಶವು ಫಿನ್ಲಂಡದ ಮೇಲೆ ದಂಡೆತ್ತಿತು. ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದವು. 1940ರಲ್ಲಿ ಒಲಿಂಪಿಕ್ ಪಂದ್ಯಗಳು ನಡೆಯಲೇ ಇಲ್ಲ. ಮೂರು ವರುಷಗಳ ಗುರಿಯನ್ನಿಟ್ಟುಕೊಂಡು ಹುಟ್ಟಿದ ಸಂಘಕ್ಕೆ ಮೂರು ವರುಷ ತುಂಬಿದಾಗ, ಗುರಿಯೆಂಬುದೇ ಇರಲಿಲ್ಲ. ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಯಾಕಂದರೆ ಜಗತ್ತೇ ಹೊತ್ತಿ ಉರಿಯುತ್ತಿರುವಾಗ ಈಸುಪಂದ್ಯ ನಿಂತಿತೆಂದು ಅಳುವವರು ಯಾರು? ಆದರೆ ಈಸುಗಾರನ ಶಕ್ತಿಗೆ ಕಾಲವುಂಟು. ಹತ್ತೊಂಬತ್ತು ಇಪ್ಪತ್ತರ ಪ್ರಾಯವು ತಿರುಗಿ ಬರುವದಿಲ್ಲ.

ಇಲ್ಲಿಯೇ ಈ ಮಕ್ಕಳ ನಿಜವಾದ ಸತ್ವವು ತೋರುವದೆಂದು ನಾವು ಎಣಿಸುವೆವು. ಹೋಗುವ ಊರೇ ಇಲ್ಲವಾದ ಮೇಲೂ ಅವರು ದಾರಿಯನ್ನು ಬಿಡಲಿಲ್ಲ. 1940ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ತಿರುಗಿ ಪಟ್ಟವನ್ನು ಗೆದ್ದರು; 1941ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಮೂರನೆಯ ಸಾರೆ ಗೆದ್ದರು. ಅಷ್ಟರಲ್ಲಿ ಬಿಲ್ ಸ್ಮಿತ್ ಎಂಬ ಹೊನೊಲುಲುವಿನ ಹುಡುಗನು ಇವರನ್ನು ಬಂದು ಕೂಡಿದ್ದನು. ಇವನು ಜಪಾನೀ ಕುಲದವನಲ್ಲ; ಹವಾಯಿಯ ಮೂಲನಿವಾಸಿಗಳ ಮತ್ತು ಐರ್ಲಂಡದವರ ರಕ್ತ ಇವನಲ್ಲಿ ಕೂಡಿದ್ದಿತು. ಚಿಕ್ಕಂದಿನಲ್ಲಿ ವಿಷಮಜ್ವರದಿಂದ ಬಳಲಿ, ಮೈ ಬಲಿಯಲೆಂದು ಈಸಲು ಹತ್ತಿದವನು. ಸಕಾಮೊತೊ ಅವರ ಕೀರ್ತಿಯನ್ನು ಕೇಳಿ ಮಾವುಯಿಗೆ ಬಂದು, ಅವರ ಬಳಿಯಲ್ಲಿಯೇ ಇದ್ದು ಕಲಿತನು. 1941ರ ಮೇ ತಿಂಗಳಲ್ಲಿ ಹೊನೊಲುಲುವಿನಲ್ಲಿ 400 ಮೀಟರನ್ನು 4 ನಿಮಿಷ 38.5 ಸೆಕೆಂಡುಗಳಲ್ಲಿ ಈಸಿ, ಜಾಕ್ ಮೆಡಿಕಾನ ಜಗದ್ವಿಕ್ರಮವನ್ನು ಮುರಿದನು.

1941ರ ಡಿಸೆಂಬರ 7ರ ಮುಂಜಾವಿನಲ್ಲಿ ಜಪಾನದ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರಿನ ಮೇಲೆ ಎರಗಿದವು. ಆ ದಿನವೇ ದ್ವೀಪಗಳಲ್ಲಿ ಲಷ್ಕರೀ ಕಾಯಿದೆ ಬಂದಿತು. ಅದು 1944ರ ಅಕ್ಟೋಬರದ ವರೆಗೆ ಉಳಿಯಿತು. ನಿನ್ನೆಯ ವರೆಗೆ ರಾಷ್ಟ್ರದ ಹೆಮ್ಮೆಯೆನಿಸಿದ್ದ ಮಕ್ಕಳ ಹೆಸರುಗಳು ಈಗ ಸಂಶಯದ ಹೆಸರುಗಳಾದವು. ಅಮೇರಿಕೆಯ ಪಡುವಣ ಕರಾವಳಿಯಲ್ಲಿ ಜಪಾನೀ ಕುಲದ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು, ಹುಟ್ಟುನಾಗರಿಕರನ್ನೂ ಬಿಡದೆ, ಮನೆಮಠಗಳಿಂದ ಎಬ್ಬಿಸಿ ಬೇಲಿಯೊಳಗೆ ಇಟ್ಟರು. ಹವಾಯಿಯಲ್ಲಿ ಅಂಥವರು ಒಟ್ಟು ಜನಸಂಖ್ಯೆಯ ಮೂರನೆಯ ಒಂದಂಶಕ್ಕೂ ಮಿಕ್ಕಿ ಇದ್ದುದರಿಂದ ಎಲ್ಲರನ್ನೂ ಹಿಡಿದಿಡುವದು ಸಾಧ್ಯವಾಗಲಿಲ್ಲ, ಆದರೂ ಸೆರೆಹೋದವರಿದ್ದರು. 1943ರಲ್ಲಿ ಜಪಾನೀ ಕುಲದ ಅಮೇರಿಕೆಯವರಿಂದಲೇ 442ನೆಯ ದಳವೆಂಬ ಸೇನಾವಿಭಾಗವನ್ನು ಕಟ್ಟಿದಾಗ, ಬರ್ಲಿನ್ನಿನಲ್ಲಿ ವಿಕ್ರಮವನ್ನು ಸ್ಥಾಪಿಸಿದ್ದ ಹಿರೋಸೆ ಅದರಲ್ಲಿ ಸೇರಿ ಯುರೋಪಿನ ರಣರಂಗಕ್ಕೆ ಹೋದನು. ಈ ಸಾರೆ ಅವನು ಯುರೋಪಿಗೆ ಹೊತ್ತು ಹೋದದ್ದು ಬಂದೂಕನ್ನು. ಯುದ್ಧದಿಂದ ಮರಳಿದ ಮೇಲೆ ಓಹಾಯೊ ಪ್ರಾಂತದ ವಿಶ್ವವಿದ್ಯಾಲಯದಲ್ಲಿ ಓದುತ್ತ ತಿರುಗಿ ನೀರಿಗಿಳಿದನು.

ಅದೇ ವಿಶ್ವವಿದ್ಯಾಲಯದಲ್ಲಿ ನಕಾಮಾ ಅದಕ್ಕೂ ಮೊದಲು ಓದಿ, ಅಲ್ಲಿಯ ಈಸುತಂಡಕ್ಕೆ ನಾಯಕನಾಗಿದ್ದನು. ಜಪಾನೀ ಹೆಸರಿನವನೊಬ್ಬನನ್ನು ಯುದ್ಧದ ನಡುವೆ ಸಹಪಾಠಿಗಳು ನಾಯಕನೆಂದು ಒಪ್ಪಿದರೆಂಬುದನ್ನು ಆ ಕಾಲದ ಅಮೇರಿಕೆಯ ಲೆಕ್ಕದಲ್ಲಿ ಬರೆದುಕೊಳ್ಳಬೇಕಾದದ್ದೇ. 1944ರ ಪಂದ್ಯಗಳೂ ಯುದ್ಧದಿಂದ ನಿಂತವು. ಹೀಗೆ ಡೆಟ್ರಾಯಿಟಿನ ವೀರರಾದ ಇವರಿಬ್ಬರೂ ಒಲಿಂಪಿಕ್ ಕೊಳದ ನೀರನ್ನು ಮುಟ್ಟಲೇ ಇಲ್ಲ.

ಮುಟ್ಟಿದವನು ಬಿಲ್ ಸ್ಮಿತ್. ಯುದ್ಧವಾದ ಮೇಲೆ 1948ರಲ್ಲಿ ಲಂಡನ್ನಿನಲ್ಲಿ ಪಂದ್ಯಗಳು ಕೂಡಿದಾಗ, ಅವನು 400 ಮೀಟರನ್ನು 4 ನಿಮಿಷ 41 ಸೆಕೆಂಡುಗಳಲ್ಲಿ ಈಸಿ ಬಂಗಾರದ ಪದಕವನ್ನು ಪಡೆದನು. ನಾಲ್ವರು ಇನ್ನೂರು ಇನ್ನೂರು ಮೀಟರು ಈಸುವ ಸರತಿಪಂದ್ಯದಲ್ಲಿ ಎರಡನೆಯ ಬಂಗಾರವೂ ದೊರೆಯಿತು. ಮೂರು ವರುಷಗಳ ಸಂಕಲ್ಪವು ಹನ್ನೊಂದನೆಯ ವರುಷದಲ್ಲಿ, ಟೋಕಿಯೋಕ್ಕೆ ಬದಲು ಲಂಡನ್ನಿನಲ್ಲಿ, ಕಬ್ಬಿನ ಕ್ಯಾಂಪಿನವನಲ್ಲದ ಒಬ್ಬ ಶಿಷ್ಯನ ಕೈಯಿಂದ ಕೈಗೂಡಿತು.

ಸಕಾಮೊತೊ ಅವರು ಯುದ್ಧಾನಂತರ ಹೊನೊಲುಲುವಿಗೆ ಹೋಗಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಬಹು ಕಾಲ ಈಸು ಕಲಿಸಿದರು. 1952ರ ಹೆಲ್ಸಿಂಕಿ ಪಂದ್ಯಗಳಲ್ಲಿ ಎರಡು ಕಂಚಿನ ಪದಕಗಳನ್ನು ಗೆದ್ದ ಎವೆಲಿನ್ ಕವಾಮೊತೊ ಇವರ ಶಿಷ್ಯೆ. ಹೆಲ್ಸಿಂಕಿಗೆ ಹನ್ನೆರಡು ವರುಷ ತಡವಾಗಿಯಾದರೂ ಇವರ ಕೈಯಲ್ಲಿ ಕಲಿತವರೊಬ್ಬರು ಹೋದಂತಾಯಿತು. 1966ರಲ್ಲಿ ಅಂತರರಾಷ್ಟ್ರೀಯ ಈಸುಗಾರರ ಕೀರ್ತಿಮಂದಿರದಲ್ಲಿ ಇವರ ಹೆಸರನ್ನು ಸೇರಿಸಿದರು. 1997ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಇವರು ತೀರಿಕೊಂಡರು. ಮಾವುಯಿಯ ವೈಲುಕು ಪಟ್ಟಣದಲ್ಲಿಯ ಸಾರ್ವಜನಿಕ ಕೊಳಕ್ಕೆ ಇವರ ಹೆಸರನ್ನಿಟ್ಟಿದ್ದಾರೆ. ಪುವುನೇನೆಯ ಕಾರಖಾನೆಯು 2016ರ ಡಿಸೆಂಬರದಲ್ಲಿ ಕೊನೆಯ ಸಾರೆ ಕಬ್ಬನ್ನರೆದು ಬಾಗಿಲು ಹಾಕಿತು. ಹವಾಯಿಯಲ್ಲಿ ಉಳಿದಿದ್ದ ಕಡೆಯ ಸಕ್ಕರೆ ತೋಟವು ಅದೇ.

ಕಿಯೊ ನಕಾಮಾ ಶಿಕ್ಷಕರಾದರು. ಹವಾಯಿಯ ಶಾಸನಸಭೆಯಲ್ಲಿಯೂ ಸದಸ್ಯರಾಗಿ ಕುಳಿತರು. ಆದರೆ ನೀರಿನ ಋಣ ಹರಿದಿರಲಿಲ್ಲ. ಮೊಲೊಕಾಯಿ ಮತ್ತು ಓಆಹು ದ್ವೀಪಗಳ ನಡುವಿನ ಕೈವಿ ಎಂಬ ಜಲಸಂಧಿಯು ತೆರೆಗಳಿಗೂ ಸೆಳವುಗಳಿಗೂ ಹೆಸರಾದದ್ದು. 1961ರ ಸಪ್ಟಂಬರದಲ್ಲಿ, ನಾಲ್ವತ್ತು ದಾಟಿದ ವಯಸ್ಸಿನಲ್ಲಿ, ಅವರು ಮೊಲೊಕಾಯಿಯ ದಂಡೆಯಿಂದ ಆ ಜಲಸಂಧಿಗೆ ಇಳಿದರು. ಸುಮಾರು 27 ಮೈಲುಗಳ ದಾರಿ. ಹದಿನೈದುವರೆ ತಾಸು ಎಡೆಬಿಡದೆ ಈಸಿ, ಓಆಹುವಿನ ಹನೌಮಾ ಕೊಲ್ಲಿಯ ಮರಳಿನ ಮೇಲೆ ಎದ್ದು ನಿಂತರು. ಆ ಜಲಸಂಧಿಯನ್ನು ಈಸಿ ದಾಟಿದವರೆಂದು ದಾಖಲಾದವರಲ್ಲಿ ಅವರೇ ಮೊದಲಿಗರು.